ಗ್ಯಾಸ್ ಬಿಡೋ ಮೊದಲೇ ಹೊಲಿಗೆ

ಕಾರಟಗಿ ಕಡೆಯ ಆ ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಮಾಡಿದ್ದು ನಾನೇ. ದುರ್ಬೀನಿನಲ್ಲಿ, ನಾಲ್ಕು ತೂತು. ಮೂರನೇ ದಿನ ನಗುತ್ತಾ ಮನೆಗೆ ಹೋದರು. ಎಂಟು ತಿಂಗಳ ಮೇಲೆ ಗಂಗಾವತಿಗೆ ಮತ್ತೆ ಬಂದರು.

"ಸಾಹೇಬ್ರ, ಹೊಕ್ಕಳದಾಗ ನಿಂಬಿಹಣ್ಣಿನಷ್ಟು ಗಂಟ ಆಗೇತ್ರಿ. ಮಲಗಿದ್ರ ಒಳಗ ಹೋಗ್ತೈತಿ, ಕೆಮ್ಮಿದ್ರ ಬರ್ತೈತಿ."

ಬೆರಳಿಟ್ಟು ಕೆಮ್ಮಿಸಿದೆ. ಬೆರಳಿಗೆ ಒದ್ದಂತಾಯಿತು. ಹರ್ನಿಯಾ, ಅಂದರೆ ಹೊಟ್ಟೆಗೋಡೆಯ ಸಂದಿನಿಂದ ಒಳಗಿನದು ಹೊರಗೆ ನುಗ್ಗೋದು. ಅದೂ ಪಿತ್ತಕೋಶ ಹೊರಗೆ ತೆಗೆದ ತೂತಿನಲ್ಲೇ.

ಅವರ ತೂಕ 96 ಕೆಜಿ, ಜೊತೆಗೆ ಶುಗರ್. ಹೊಟ್ಟೆಯ ಕೊಬ್ಬೇ ನಾಲ್ಕು ಬೆರಳು ದಪ್ಪ. ಅವತ್ತು ದೊಡ್ಡ ಕಲ್ಲು ಬರಲಿಲ್ಲ ಅಂತ ತೂತನ್ನು ಸ್ವಲ್ಪ ಅಗಲ ಮಾಡಿದ್ದೆ. ಆಮೇಲೆ ಹೊಟ್ಟೆ ಉಬ್ಬಿಸೋಕೆ ತುಂಬಿದ್ದ ಗ್ಯಾಸ್ ಹೊರಗೆ ಬಿಟ್ಟು, ಕ್ಯಾಮೆರಾ ತೆಗೆದು, ಬಾವಿಯಂಥ ಆ ಗಾಯದಲ್ಲಿ ಶೀತ್ ಹುಡುಕಿದೆ. ಶೀತ್ ಅಂದರೆ ಕೊಬ್ಬಿನ ಕೆಳಗಿರುವ ಬಿಳಿ ಗಟ್ಟಿ ಪದರ. ಹೊಟ್ಟೆಯನ್ನು ಹಿಡಿದಿಡೋದು ಅದೇ, ಚರ್ಮ ಅಲ್ಲ. ಸೂಜಿಗೆ ಏನೋ ಗಟ್ಟಿ ಸಿಕ್ಕಿತು, ಗಂಟು ಹಾಕಿದೆ. ಸಿಕ್ಕಿದ್ದು ಕೊಬ್ಬಿನ ನಡುವಿನ ತೆಳು ಪದರ ಇರಬೇಕು.

ಅವರದು ಅಕ್ಕಿ ಗಿರಣಿ. ಆದದ್ದನ್ನು ಬಿಚ್ಚಿ ಹೇಳಿದಾಗ ಯಜಮಾನರು, "ಒಳಚೀಲ ಬಿಟ್ಟು ಹೊರಚೀಲ ಹೊಲಿದಂಗಾತಲ್ರಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೇ ಆಪರೇಷನ್‌ನಲ್ಲಿ ಮೆಶ್, ಅಂದರೆ ಬಲೆಯಂಥ ತೇಪೆ, ಹಾಕಿದೆ.

ಆಮೇಲೆ ನಾನು ಕ್ರಮವನ್ನೇ ತಿರುಗಿಸಿದೆ. ದಪ್ಪ ಹೊಟ್ಟೆಯಲ್ಲಿ 10 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡ ತೂತನ್ನು ಗ್ಯಾಸ್ ಇರುವಾಗಲೇ, ಕ್ಯಾಮೆರಾದಲ್ಲಿ ನೋಡುತ್ತಾ ಹೊಲಿಯುತ್ತೇನೆ. ಹೊಕ್ಕಳ ತೂತಾದರೆ ಕ್ಯಾಮೆರಾ ಮೇಲಿನ ತೂತಿಗೆ ಹೋಗುತ್ತದೆ. ನನ್ನ ಹತ್ತಿರ ಇರುವುದು ಕುದಿಸಿ ಮತ್ತೆ ಮತ್ತೆ ಬಳಸೋ ಉಕ್ಕಿನ ಪೋರ್ಟ್ ಸೂಜಿ. ಪೋರ್ಟ್ ಅಂದರೆ ತೂತಿನಲ್ಲಿ ಕೂರಿಸೋ ಕೊಳವೆ. ನೋಡೋಕೆ ಗೋಣಿಚೀಲ ಹೊಲಿಯೋ ದಬ್ಬಣವೇ. ಕುದಿಸಿ ಅಂದೆನಲ್ಲ, ಅದು ಬಾಯಿಮಾತು, ಒತ್ತಡದ ಹಬೆಯಲ್ಲಿ ಆಟೋಕ್ಲೇವ್ ಮಾಡ್ತೀವಿ.

ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಬಿಟ್ಟು ಸೂಜಿಯನ್ನು ದಾರದ ಸಮೇತ ಒಳಗಿಳಿಸುತ್ತೇನೆ. ಪರದೆಯ ಮೇಲೆ ಮೊದಲು ಒಳಪೊರೆ ಡೇರೆಯ ಹಾಗೆ ಉಬ್ಬುತ್ತದೆ, ಆಮೇಲೆ ಪಕ್ಕನೆ ಸೂಜಿ ಮೊನೆ ಇಣುಕುತ್ತದೆ. ಅದು ಕಂಡರೆ ಶೀತ್ ದಾಟಿದ್ದು ಖಾತ್ರಿ. ಒಳಗೆ ದಾರದ ತುದಿಯನ್ನು ಗ್ರಾಸ್ಪರ್ ಅನ್ನೋ ಉದ್ದ ಇಕ್ಕಳ ಹಿಡಿದುಕೊಳ್ಳುತ್ತದೆ. ಬರಿ ಸೂಜಿ ತೂತಿನ ಆಚೆ ಬದಿಯಿಂದ ಇಳಿದು ಅದೇ ತುದಿಯನ್ನು ಕಚ್ಚಿಕೊಂಡು ಹೊರಗೆ ಬರುತ್ತದೆ. ದಾರ ನಂಬರ್ 1 ವಿಕ್ರಿಲ್, ತಾನಾಗಿ ಕರಗುವಂಥದ್ದು. ಒಮ್ಮೆ ಎಳೆದು ನೋಡುತ್ತೇನೆ: ತೂತು ಮುಚ್ಚಿತಾ, ನಡುವೆ ಕರುಳು ಅಥವಾ ಅದರ ಮೇಲಿನ ಕೊಬ್ಬಿನ ಪರದೆ ಸಿಕ್ಕಿಲ್ಲ ತಾನೇ? ಆಮೇಲೆ ಗ್ಯಾಸ್ ಪೂರ್ತಿ ಬಿಟ್ಟು ಗಂಟು. ಐದಾರು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಉಳಿದ ತೂತುಗಳ ಪೋರ್ಟ್‌ಗಳನ್ನೂ ನೋಡುತ್ತಲೇ ತೆಗೆಯುತ್ತೇನೆ. ಗ್ಯಾಸ್ ಭುಸ್ ಅಂತ ಹೋಗುವಾಗ ಕೊಬ್ಬಿನ ಪರದೆ ಹಿಂದೆಯೇ ನುಗ್ಗಿ ಬರೋದನ್ನು ಕಂಡಿದ್ದೇನೆ. 5 ಮಿಲಿಮೀಟರ್ ತೂತುಗಳನ್ನು ಸಾಮಾನ್ಯವಾಗಿ ಹೊಲಿಯಲ್ಲ. ಬಹಳ ಹೊತ್ತು ಎಳೆದಾಡಿ ಅಗಲವಾಗಿದ್ದರೆ ಮಾತ್ರ ಹೊಲಿಯುತ್ತೇನೆ. ತೂಕ ಇಳಿಸೋ ಆಪರೇಷನ್ ಮಾಡುವ ಕೆಲವರು, ಬ್ಲೇಡ್ ಇಲ್ಲದ ಟ್ರೋಕಾರ್ (ಪೋರ್ಟ್ ಇಳಿಸೋಕೆ ತೂತು ಮಾಡೋ ಸಲಾಕೆ) ಅನ್ನು ಓರೆಯಾಗಿ ಹಾಕಿ, ಪಕ್ಕದ ದೊಡ್ಡ ತೂತನ್ನೂ ಹಾಗೇ ಬಿಡುತ್ತಾರೆ. ಅವರ ಲೆಕ್ಕ ಅವರಿಗೆ. ನಡುಗೆರೆಯ ತೂತನ್ನು ನಾನಂತೂ ಬಿಡಲ್ಲ.

ಗಾಯ ಕೀವಾದರೆ ಎಂಥ ಹೊಲಿಗೆಯೂ ಸೋಲುತ್ತದೆ. ಅದಕ್ಕೇ ಈಗ ಪಿತ್ತಕೋಶ ಚೀಲದೊಳಗೆ ಕೂತೇ ಹೊರಗೆ ಬರುತ್ತದೆ. ಚೀಲ ಇಲ್ಲದಿದ್ದರೆ ಸ್ಟೆರೈಲ್ ಗ್ಲೌಸ್. ಶುಗರ್ ಹತೋಟಿಗೆ ಬರೋವರೆಗೆ, ಅವಸರವಿಲ್ಲದಿದ್ದರೆ, ತಾರೀಕು ಕೊಡಲ್ಲ.

ಮನೆಗೆ ಕಳಿಸುವಾಗ ಕೊಡ ಎತ್ತಬೇಡಿ, ಮಲಬದ್ಧತೆ ಆಗದಂತೆ ನೋಡ್ಕೊಳ್ಳಿ ಅಂತೀನಿ. ಬೆಲ್ಟ್ ಕೇಳುತ್ತಾರೆ, ಹಿತ ಅನ್ನಿಸಿದರೆ ಹಾಕಲಿ, ಅದು ಹೊಲಿಗೆಯ ಕೆಲಸ ಮಾಡಲ್ಲ. ಒಂದು ಮಾತನ್ನು ಮಾತ್ರ ಚೀಟಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ: ವಾಂತಿ, ಹೊಟ್ಟೆಯುಬ್ಬರ, ಇಲ್ಲವೇ ಒಂದೇ ತೂತಿನಲ್ಲಿ ನೋವು ಶುರುವಾದರೆ ಅದೇ ದಿನ ಬನ್ನಿ. ಕರುಳಿನ ಒಂದು ಬದಿ ಮಾತ್ರ ಸಿಕ್ಕಿಕೊಂಡಾಗ ಹೊರಗೆ ಗಂಟೇ ಕಾಣದಿರಬಹುದು.