ಫೋನನ್ನು ಕೇಳುವ ಮೊದಲು ಸೋಗೆಯನ್ನು ಬೆಳಕಿಗೆ ಹಿಡಿಯಿರಿ

ನಾನು ಬಿಎಸ್ಸಿ ಅಗ್ರಿ ಕೊನೆಯ ವರ್ಷದಲ್ಲಿದ್ದೇನೆ. ರಾವೆಗೆ (ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಕಲಿಯುವ ಕೋರ್ಸಿನ ಭಾಗ) ಅಂತ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಮಳೆಗಾಲ ಕಳೆದೆ. ಈಗ ಜೂನಿಯರ್‌ಗಳು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: "ಅಕ್ಕಾ, ತೋಟದಲ್ಲಿ ಎಐ ಕೆಲಸಕ್ಕೆ ಬರುತ್ತಾ?" ಬರುತ್ತದೆ. ಆದರೆ ಬಳಸುವ ಕ್ರಮ ಗೊತ್ತಿರಬೇಕು.

ಮೊದಲ ವಾರ ನಾನು ಅಡಿಕೆ ಸೋಗೆಯ ಒಂದೇ ಒಂದು ಫೋಟೋ ತೆಗೆದು ಎಐ ಆ್ಯಪ್‌ಗೆ ಹಾಕಿದೆ. ಪೊಟ್ಯಾಷ್ ಕೊರತೆ ಅಂತ ಬಂತು. ಓಡಿಹೋಗಿ ನಾನಿದ್ದ ಮನೆಯ ಗೌಡರಿಗೆ ಹೇಳಿದೆ. ಅವರು ಬೈಯಲಿಲ್ಲ. "ಸೋಗೆ ಬೆಳಕಿಗೆ ಹಿಡಿದು ನೋಡಿದ್ಯಾ ಮಾರಾಯ್ತಿ?" ಅಂದರು. ಹಿಡಿದೆ. ಕಂದು ಚುಕ್ಕಿ, ಅದರ ಸುತ್ತ ಹಳದಿ ಬಳೆ. ಚುಕ್ಕಿಗಳು ಕೂಡಿಕೊಂಡ ಕಡೆ ಎಲೆ ಸುಟ್ಟ ಹಾಗೆ ಒಣಗಿತ್ತು. ಕೆಳಗಿನ ಸೋಗೆಯಿಂದ ಮೇಲಕ್ಕೆ ಹಬ್ಬುತ್ತಿತ್ತು. ಎಲೆಚುಕ್ಕಿ ರೋಗ! ಅದನ್ನು ತರುವ ಶಿಲೀಂಧ್ರಗಳು ಕೊಲೆಟೋಟ್ರೈಕಮ್, ಫಿಲೋಸ್ಟಿಕ್ಟಾ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕಣ್ಣೆದುರು ಇದ್ದಾಗ ಗುರುತು ಸಿಗಲಿಲ್ಲ. ನನ್ನ ಫೋಟೋದಲ್ಲಿ ಮಳೆಹನಿ ಹೊಳೆದು ಆ ಹಳದಿ ಬಳೆಯೇ ಕಾಣುತ್ತಿರಲಿಲ್ಲ.

ಅವತ್ತಿನಿಂದ ಹೀಗೆ ಮಾಡುತ್ತಿದ್ದೇನೆ. ಮೊದಲು ನೋಟ್‌ಬುಕ್ಕಿನಲ್ಲಿ ನನಗೆ ಅನಿಸಿದ್ದನ್ನು ಬರೆಯುತ್ತೇನೆ: ಯಾವ ರೋಗ ಇರಬಹುದು, ಯಾಕೆ. ಆಮೇಲೆ ಎಲೆಯ ನೀರು ಒರೆಸಿ ನಾಲ್ಕು ಫೋಟೋ: ಇಡೀ ಮರ, ಇಡೀ ಸೋಗೆ, ಚುಕ್ಕಿ ಹತ್ತಿರದಿಂದ, ಎಲೆಯ ಹಿಂಭಾಗ. ತೋಟದ ತಗ್ಗಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅಲ್ವಾ? ಅಲ್ಲೇ ನಿಂತು ಒದ್ದಾಡಬೇಡಿ. ಸಂಜೆ ಕೂತು ಎಐಯನ್ನು ಕೇಳಿ. ಮಳೆ ಎಷ್ಟು ದಿನದಿಂದ ಬರುತ್ತಿದೆ, ಬಸಿಗಾಲುವೆ ಸರಿ ಇದೆಯಾ, ಏನು ಗೊಬ್ಬರ ಕೊಟ್ಟಿದ್ದಾರೆ, ಎಲ್ಲ ಬರೆಯಿರಿ. "ಇದು ಯಾವ ರೋಗ?" ಅನ್ನುವುದಕ್ಕಿಂತ "ಯಾವ ಮೂರು ಕಾರಣ ಇರಬಹುದು, ಒಂದೊಂದನ್ನೂ ತೋಟದಲ್ಲಿ ಹೇಗೆ ಪರೀಕ್ಷಿಸಲಿ?" ಅಂತ ಕೇಳಿ. ಆಗ ಮಾರನೇ ದಿನ ಮತ್ತೆ ಮರದ ಹತ್ತಿರ ಹೋಗುತ್ತೀರಿ.

ನಮ್ಮ ಮಾತು ಎಐಗೆ ಪೂರ್ತಿ ಅರ್ಥವಾಗುವುದಿಲ್ಲ. "ಹಿಂಗಾರ ಒಣಗುತ್ತಿದೆ" ಅಂತ ಬರೆದೆ. ಹಿಂಗಾರು ಮಳೆ ಕಮ್ಮಿಯಾದರೆ ಏನು ಮಾಡಬೇಕು ಅಂತ ಉದ್ದಕ್ಕೆ ಹೇಳಿತು! "ಅಡಿಕೆ ಮರದ ಹೂಗೊಂಚಲು" ಅಂತ ಬಿಡಿಸಿ ಬರೆದ ಮೇಲೆ ದಾರಿಗೆ ಬಂತು.

ಔಷಧಿ ಪ್ರಮಾಣವನ್ನು ಮಾತ್ರ ಅದರಿಂದ ತೆಗೆದುಕೊಳ್ಳಬೇಡಿ. ಲೇಬಲ್ ನೋಡಿ, ವಿಶ್ವವಿದ್ಯಾಲಯದ ಶಿಫಾರಸು ನೋಡಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಅಂದರೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕಲಕಬೇಕು. ಉಜ್ಜಿದ ಕಬ್ಬಿಣದ ಚಾಕು ಅದ್ದಿ ತೆಗೆಯಿರಿ. ಕೆಂಪಗೆ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಇದನ್ನು ನಾನು ಕಲಿತದ್ದು ಗೌಡರ ಅಂಗಳದಲ್ಲಿ, ಕೈ ನೀಲಿ ಮಾಡಿಕೊಂಡು.

ಓದಿಗೆ ಎಐ ನನಗೆ ನಿಜವಾಗಿಯೂ ದೊಡ್ಡ ಆಸರೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು ನಾನು. ಇಂಗ್ಲಿಷ್ ಪಾಠ ಅರ್ಥವಾಗದೆ ಮೊದಲ ಸೆಮಿಸ್ಟರ್‌ನಲ್ಲಿ ಅತ್ತಿದ್ದೇನೆ. ಈಗ ಪಾಠವನ್ನು ಕನ್ನಡದಲ್ಲಿ ವಿವರಿಸು ಅನ್ನುತ್ತೇನೆ, ಆಮೇಲೆ ವೈವಾದ (ಮೌಖಿಕ ಪರೀಕ್ಷೆಯ) ಹಾಗೆ ಪ್ರಶ್ನೆ ಕೇಳು ಅನ್ನುತ್ತೇನೆ. ಅಸೈನ್‌ಮೆಂಟ್ ಬರೆಸುವುದಿಲ್ಲ. ಇಲ್ಲದ ಪುಸ್ತಕದ ಹೆಸರನ್ನೂ ಅದು ಧೈರ್ಯವಾಗಿ ಹೇಳುತ್ತದೆ, ಲೈಬ್ರರಿಯಲ್ಲಿ ಹುಡುಕಿ ನೋಡಿ.

ಅನುಮಾನ ಉಳಿದರೆ ಸೋಗೆಯ ತುಂಡನ್ನೇ ಸಸ್ಯರೋಗ ವಿಭಾಗಕ್ಕೆ ಒಯ್ಯಿರಿ. ಪ್ಲಾಸ್ಟಿಕ್ ಕವರ್ ಬೇಡ, ಬೆವರಿ ಕೊಳೆಯುತ್ತದೆ. ಪೇಪರಿನಲ್ಲಿ ಸುತ್ತಿ, ಮೇಲೆ ತಾರೀಕು, ಊರು ಬರೆಯಿರಿ.