ಜಗಲಿಯ ಸೂರು ಎಷ್ಟು ತಗ್ಗಿರಬೇಕು?

ಮಂಗಳೂರು, ಉಡುಪಿ ಕಡೆ ಪಶ್ಚಿಮಕ್ಕೆ ಮುಖ ಮಾಡಿದ ಮನೆಗೆ ಜಗಲಿ ಕಟ್ಟಿಸುವವರು ಮೊದಲು ಕೇಳುವುದು ಅಗಲ ಎಷ್ಟೆಂದು. ನಾನು ಮೊದಲು ಹಿಡಿಯುವ ಅಳತೆ ಸೂರಿನ ಎತ್ತರ.

ನಮ್ಮ ಲೆಕ್ಕ ಹೀಗೆ: ಜಗಲಿ 7 ಅಡಿ ಅಗಲ, ಅದರ ಅಂಚಿನಿಂದ ಸೂರು ಇನ್ನೂ ಎರಡೂವರೆ ಅಡಿ ಹೊರಗೆ, ಮಾಡಿನ (ಹಂಚಿನ ಛಾವಣಿಯ) ಇಳಿಜಾರು 30 ಡಿಗ್ರಿ, ಸೂರಿನ ತುದಿ ಜಗಲಿಯ ನೆಲದಿಂದ 6 ಅಡಿ. ಗೋಡೆಯ ಹತ್ತಿರ ಪಕ್ಕಾಸು (ಮಾಡು ಹೊರುವ ಓರೆ ತೊಲೆ) ಹನ್ನೊಂದೂವರೆ ಅಡಿಗೆ ಏರುತ್ತದೆ. "ಆರೇ ಅಡಿಯಾ? ತಲೆ ಬಡಿಯುತ್ತದೆ ಮಾರಾಯ್ರೆ" ಎನ್ನುವವರೇ ಹೆಚ್ಚು. ಬಡಿಯುವುದಿಲ್ಲ. ಅಂಗಳ ಒಂದೂವರೆ ಅಡಿ ತಗ್ಗಿನಲ್ಲಿರುವುದರಿಂದ ಸೂರಿನಡಿ ಏಳೂವರೆ ಅಡಿ ಸಿಗುತ್ತದೆ. ಮೆಟ್ಟಿಲು ಹತ್ತಿ ಒಳಗೆ ಬರುವಷ್ಟರಲ್ಲಿ ಮಾಡೂ ಮೇಲೇರಿರುತ್ತದೆ.

ಏಪ್ರಿಲ್ ನಡುವಿನಲ್ಲಿ ಈ ಅಳತೆಯ ಜಗಲಿಯಲ್ಲಿ ಬಿಸಿಲು ಗೋಡೆಯ ಬುಡ ಮುಟ್ಟುವುದು ಸುಮಾರು ನಾಲ್ಕೂವರೆಗೆ. ನೋಡಲು ಚಂದ ಎಂದು ಸೂರನ್ನು 9 ಅಡಿಗೆ ಎತ್ತಿದಿರೋ, ಮೂರೂ ಮುಕ್ಕಾಲಕ್ಕೆಲ್ಲ ಮುಟ್ಟುತ್ತದೆ; ನಾಲ್ಕೂವರೆಗೆ ಗೋಡೆಯಲ್ಲಿ ಮೂರಡಿ ಎತ್ತರಕ್ಕೆ ಬಿಸಿಲು. ಮುರಕಲ್ಲಿನ (ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲಿನ) ದಪ್ಪ ಗೋಡೆ ಆ ಕಾವನ್ನು ಇಟ್ಟುಕೊಂಡು ರಾತ್ರಿ ಒಳಗೆ ಬಿಡುತ್ತದೆ. ಜೂನ್‌ನಲ್ಲಿ ಅದೇ ಎತ್ತರದಿಂದ ಇರಚಲು ಬಾಗಿಲವರೆಗೂ ಬರುತ್ತದೆ. ಆಮೇಲೆ ಗಾಜು, ಅಲ್ಯೂಮಿನಿಯಂ ಚೌಕಟ್ಟು ಹಾಕಿ ಮುಚ್ಚಿಬಿಡುತ್ತಾರೆ. ಅಲ್ಲಿಗೆ ಜಗಲಿ ಹೋಯಿತು, ಸೆಕೆಯ ಕೋಣೆ ಒಂದು ಹೆಚ್ಚಾಯಿತು.

ಹಂಚಿನಡಿಯ ಬಿಸಿಗಾಳಿ ಇಳಿಜಾರು ಹಿಡಿದು ಗೋಡೆಯ ಕಡೆಗೇ ಏರುತ್ತದೆ. ಅದಕ್ಕೆ ದಾರಿ ಬೇಕು. ಒಳಕೋಣೆಯ ಮುಚ್ಚಿಗೆ (ಅಟ್ಟದ ಕೆಳಗಿನ ಒಳಛಾವಣಿ) 9 ಅಡಿಯಲ್ಲಿದ್ದರೆ ಗೋಡೆಯಲ್ಲಿ ಹತ್ತಡಿಯ ಮೇಲೆ ಕಿಂಡಿಗಳನ್ನು ಬಿಡುತ್ತೇವೆ. ಗಾಳಿ ಅಟ್ಟಕ್ಕೆ ಹೋಗಿ ತ್ರಿಕೋನದ ಗೋಡೆಯ ಜಾಲಂಧ್ರದಿಂದ ಹೊರಬೀಳುತ್ತದೆ. ಒಬ್ಬ ಮೇಸ್ತ್ರಿ ಕಿಂಡಿಯನ್ನು ಮುಚ್ಚಿಗೆಯ ಕೆಳಗೆ ಬಿಟ್ಟದ್ದುಂಟು: ಬಿಸಿಯೆಲ್ಲ ನೇರ ಕೋಣೆಗೆ. ಕಿಂಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟದಿದ್ದರೆ ಅಟ್ಟ ಬಾವಲಿಗಳ ಪಾಲು.

ಕಾಂಕ್ರೀಟು ಸ್ಲ್ಯಾಬಿನ ಮೇಲೆ ಹಂಚು ಅಂಟಿಸಿ "ಹಂಚಿನ ಮನೆ" ಎನ್ನುವುದು ಈಗಿನ ಚಾಳಿ. ಹಂಚು ತೆಳು, ಸೂರ್ಯ ಮುಳುಗಿದ ಮೇಲೆ ಬೇಗ ಆರುತ್ತದೆ, ಸಂದಿಯಲ್ಲಿ ಗಾಳಿಯೂ ಆಡುತ್ತದೆ. ಸ್ಲ್ಯಾಬು ಆರುವುದು ಎಷ್ಟು ಹೊತ್ತಿಗೋ.

ಬೇಸಿಗೆಯಲ್ಲಿ ಹೊತ್ತು ಏರಿದಂತೆ ಕಡಲಗಾಳಿ ಪಡುವಣದಿಂದ ಏಳುತ್ತದೆ, ರಾತ್ರಿ ನೆಲದ ಕಡೆಯಿಂದ. ಮುಂಬಾಗಿಲು, ಹಿಂಬಾಗಿಲು ಒಂದೇ ಗೆರೆಯಲ್ಲಿದ್ದರೆ ಎರಡೂ ಸಿಗುತ್ತವೆ. ಆದರೆ ಹಗಲಿನ ಗಾಳಿ ಮೊದಲು ಹಾಯುವುದು ಅಂಗಳದ ಮೇಲೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದರೆ ಕಾದ ಗಾಳಿಯೇ ಒಳಗೆ ಬರುವುದು. ಜಗಲಿಯ ಎದುರು ಕನಿಷ್ಠ 10 ಅಡಿ ಮಣ್ಣು ಬಿಡಿ ಎನ್ನುತ್ತೇನೆ; ಬೇಸಿಗೆಗೆ ಅದರ ಮೇಲೆ ತೆಂಗಿನ ಮಡಲಿನ (ಗರಿಯ) ಚಪ್ಪರ ಹಾಕಿದರೆ ಇನ್ನೂ ಒಳ್ಳೆಯದು. ಸೂರಿನ ನೀರು ಬೀಳುವ ಗೆರೆಯಲ್ಲಿ ಮಾತ್ರ ಒಂದಡಿ ಅಗಲಕ್ಕೆ ಜಲ್ಲಿ ತುಂಬಬೇಕು, ಇಲ್ಲದಿದ್ದರೆ ಕೆಸರು ಸಿಡಿದು ಜಗಲಿಯ ಬದಿಯೆಲ್ಲ ಕೆಂಪಾಗುತ್ತದೆ.

ನೆಲಕ್ಕೆ ಕೆಂಪು ಕಾವಿ, ಹೊರಗಡೆಗೆ 7 ಅಡಿಗೆ ಒಂದು ಇಂಚು ವಾಟ (ನೀರು ಹರಿಯಲು ಇಳಿಜಾರು). ಮರದ ಕಂಬದ ಬುಡಕ್ಕೆ 9 ಇಂಚಿನ ಕಲ್ಲು. ಕಂಬ ನೇರ ನೆಲಕ್ಕೆ ತಾಗಿದರೆ ಗೆದ್ದಲು ಹತ್ತುತ್ತದೆ. ನಾಲ್ಕೂವರೆಯ ನಂತರದ ಬಿಸಿಲಿಗೆ ಕಂಬಗಳ ನಡುವೆ ಬಿದಿರಿನ ಪರದೆ ಇಳಿಸುತ್ತೇವೆ, ನೆಲದಿಂದ ಎರಡಡಿ ಬಿಟ್ಟು. ಐದೂವರೆವರೆಗೂ ಗೋಡೆಗೆ ಬಿಸಿಲು ತಾಗದು, ಕೆಳಗಿನ ಸಂದಿಯಿಂದ ಗಾಳಿ ಬರುತ್ತಲೇ ಇರುತ್ತದೆ.