ಲಾಗಿನ್ ಮರೆಯುವ ಬ್ರೌಸರ್: ಕುಕಿ ಎಲ್ಲಿ ಕಳೆದುಹೋಗುತ್ತಿದೆ ಎಂದು ಪತ್ತೆಹಚ್ಚುವುದು ಹೇಗೆ

ಸೈಟ್ ತೆರೆದಾಗಲೆಲ್ಲ ಮತ್ತೆ ಮತ್ತೆ ಲಾಗಿನ್ ಕೇಳುತ್ತಿದೆ ಎಂದರೆ ಹೆಚ್ಚಿನವರು ಕೊಡುವ ಮೊದಲ ಸಲಹೆ ‘ಕುಕಿ, ಕ್ಯಾಶ್ ಎಲ್ಲ ಅಳಿಸಿ ನೋಡಿ’ ಎಂಬುದು. ಕುಕಿ ಎಂದರೆ ಸೈಟ್ ನಿಮ್ಮ ಬ್ರೌಸರ್‌ನಲ್ಲಿ ಇಡುವ ಪುಟ್ಟ ದತ್ತಾಂಶ, ಕ್ಯಾಶ್ ಎಂದರೆ ಪುಟ ಬೇಗ ತೆರೆಯಲೆಂದು ಬ್ರೌಸರ್ ಉಳಿಸಿಕೊಂಡ ಪ್ರತಿಗಳು. ನಾನು ಅದನ್ನು ತೀರಾ ಕೊನೆಗೆ ಇಟ್ಟುಕೊಳ್ಳುತ್ತೇನೆ. ಎಲ್ಲವನ್ನೂ ಅಳಿಸಿದರೆ ಸರಿಯಾಗಿದ್ದ ಲಾಗಿನ್‌ಗಳೂ ಹೋಗುತ್ತವೆ, ತೊಂದರೆ ಎಲ್ಲಿತ್ತು ಎಂಬ ಸುಳಿವೂ ಹೋಗುತ್ತದೆ. ಮೂಲ ಕಾರಣ ಹಾಗೇ ಉಳಿದಿರುವುದರಿಂದ ಮರುದಿನ ಮತ್ತದೇ ಕಥೆ.

ಸರ್ವರ್‌ಗೆ, ಅಂದರೆ ಸೈಟ್ ನಡೆಸುವ ಆ ಕಡೆಯ ಕಂಪ್ಯೂಟರ್‌ಗೆ, ಪ್ರತಿಯೊಂದು ಕೋರಿಕೆಯೂ ಹೊಸದೇ. ನೀವು ಲಾಗಿನ್ ಆದ ಕೂಡಲೇ ಅದು ಒಂದು ಉದ್ದನೆಯ ಗುರುತನ್ನು ಕುಕಿಯಾಗಿ ಕೊಡುತ್ತದೆ, ಮುಂದಿನ ಪ್ರತಿ ಪುಟಕ್ಕೂ ಬ್ರೌಸರ್ ಅದನ್ನೇ ತೋರಿಸುತ್ತದೆ. ಹಾಗಾಗಿ ಲಾಗಿನ್ ನಿಲ್ಲುತ್ತಿಲ್ಲವೆಂದರೆ ಮೂರರಲ್ಲಿ ಒಂದು ಆಗಿರುತ್ತದೆ: ಬ್ರೌಸರ್ ಕುಕಿಯನ್ನು ತೆಗೆದುಕೊಳ್ಳಲೇ ಇಲ್ಲ, ತೆಗೆದುಕೊಂಡು ಆಮೇಲೆ ಬಿಸಾಕಿತು, ಅಥವಾ ಕುಕಿ ಭದ್ರವಾಗಿದ್ದರೂ ಸರ್ವರ್ ಅದನ್ನು ಒಪ್ಪುತ್ತಿಲ್ಲ. ಯಾವುದೆಂದು ತಿಳಿದ ಮೇಲಷ್ಟೇ ಸೆಟ್ಟಿಂಗ್ಸ್ ಮುಟ್ಟಬೇಕು. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಪಾಸ್‌ವರ್ಡ್ ಸೇವ್ ಆಗಿರುವುದು ಬೇರೆ, ಲಾಗಿನ್ ಆಗಿಯೇ ಉಳಿಯುವುದು ಬೇರೆ. ಪಾಸ್‌ವರ್ಡ್ ತಾನಾಗಿಯೇ ತುಂಬಿಕೊಂಡು ಲಾಗಿನ್ ಪುಟ ಬಂದರೆ ಪಾಸ್‌ವರ್ಡ್ ಇದೆ, ಕುಕಿ ಇಲ್ಲ ಎಂದರ್ಥ.

ನಾನು ಮೊದಲು ನೋಡುವುದು ಕುಕಿಯ ಅವಧಿ. ಕಂಪ್ಯೂಟರ್‌ನಲ್ಲಿ ಸೈಟ್‌ಗೆ ಲಾಗಿನ್ ಆಗಿ ಎಫ್12 ಒತ್ತಿ. ಕ್ರೋಮ್, ಎಡ್ಜ್‌ಗಳಲ್ಲಿ ‘ಅಪ್ಲಿಕೇಶನ್’ ಟ್ಯಾಬ್, ಫೈರ್‌ಫಾಕ್ಸ್‌ನಲ್ಲಿ ‘ಸ್ಟೋರೇಜ್’ ಟ್ಯಾಬ್. ಅದರೊಳಗೆ ‘ಕುಕೀಸ್’ ಬಿಡಿಸಿ ಸೈಟ್‌ನ ವಿಳಾಸ ಆರಿಸಿದರೆ ಒಂದು ಕೋಷ್ಟಕ ಬರುತ್ತದೆ. ಹೆಸರಿನಲ್ಲಿ ‘ಸೆಶನ್’, ‘ಆತ್’, ‘ಟೋಕನ್’, ‘ಲಾಗ್ಡ್ ಇನ್’ ಎಂಬಂಥ ಪದ ಇರುವ ಸಾಲು ಸಾಮಾನ್ಯವಾಗಿ ಲಾಗಿನ್ ಕುಕಿ. ಆ ಸಾಲಿನ ‘ಎಕ್ಸ್‌ಪೈರ್ಸ್’ ಕಾಲಂನಲ್ಲಿ ಮುಂದಿನ ದಿನಾಂಕ ಇದ್ದರೆ ಅದು ಬಾಳಿಕೆಯ ಕುಕಿ. ‘ಸೆಶನ್’ ಎಂದಷ್ಟೇ ಇದ್ದರೆ ಬ್ರೌಸರ್ ಮುಚ್ಚಿದಾಗ ಅದು ಹೋಗುವುದು ಸಹಜ, ಅಲ್ಲಿ ಏನೂ ಕೆಟ್ಟಿಲ್ಲ. ಒಂದು ಎಚ್ಚರಿಕೆ: ‘ವ್ಯಾಲ್ಯೂ’ ಕಾಲಂನಲ್ಲಿರುವ ಅಕ್ಷರಗಳನ್ನು ಯಾರಿಗೂ ಕಳಿಸಬೇಡಿ, ಸಹಾಯ ಕೇಳಲು ಹಾಕುವ ಸ್ಕ್ರೀನ್‌ಶಾಟ್‌ನಲ್ಲೂ ಕಾಣಿಸಬಾರದು. ಅದು ಕೈಗೆ ಸಿಕ್ಕವರು ಪಾಸ್‌ವರ್ಡ್, ಒಟಿಪಿ ಯಾವುದೂ ಇಲ್ಲದೆ ನಿಮ್ಮ ಖಾತೆಯೊಳಗೆ ಹೋಗಬಹುದು.

‘ಸೆಶನ್’ ಎಂದಿದ್ದರೆ ಪರಿಹಾರ ಎರಡು. ಲಾಗ್ಔಟ್ ಮಾಡಿ, ಲಾಗಿನ್ ಪುಟದಲ್ಲಿರುವ ‘ರಿಮೆಂಬರ್ ಮಿ’ ಅಥವಾ ‘ಕೀಪ್ ಮಿ ಸೈನ್ಡ್ ಇನ್’ ಚೌಕಕ್ಕೆ ಟಿಕ್ ಹಾಕಿ ಮತ್ತೆ ಲಾಗಿನ್ ಆಗಿ. ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶದಲ್ಲಿ ಮಾಡಿದ ಸೈಟ್‌ಗಳಲ್ಲಿ, ಬೇರೆ ಏನೂ ಬದಲಿಸದಿದ್ದರೆ, ಟಿಕ್ ಇಲ್ಲದ ಲಾಗಿನ್ ಬ್ರೌಸರ್ ಮುಚ್ಚುವವರೆಗೆ ಮಾತ್ರ, ಮುಚ್ಚದೇ ಇದ್ದರೂ 2 ದಿನ. ಟಿಕ್ ಹಾಕಿದರೆ 14 ದಿನ. ಆ ಪುಟ್ಟ ಚೌಕದಿಂದಲೇ ಇಷ್ಟು ವ್ಯತ್ಯಾಸ. ಅಂಥ ಚೌಕವೇ ಇಲ್ಲದ ಸೈಟ್ ಆದರೆ ಬ್ರೌಸರ್ ಹಿಂದಿನ ಟ್ಯಾಬ್‌ಗಳೊಂದಿಗೆ ಶುರುವಾಗುವಂತೆ ಇಡಿ. ಕ್ರೋಮ್‌ನಲ್ಲಿ ‘ಆನ್ ಸ್ಟಾರ್ಟಪ್’ ಕೆಳಗೆ ‘ಕಂಟಿನ್ಯೂ ವೇರ್ ಯು ಲೆಫ್ಟ್ ಆಫ್’, ಫೈರ್‌ಫಾಕ್ಸ್‌ನಲ್ಲಿ ‘ಓಪನ್ ಪ್ರೀವಿಯಸ್ ವಿಂಡೋಸ್ ಅಂಡ್ ಟ್ಯಾಬ್ಸ್’. ಟ್ಯಾಬ್ ಜೊತೆ ಸೆಶನ್ ಕುಕಿಗಳೂ ಮರಳಿ ಬರುತ್ತವೆ. ನಾಲ್ಕು ಜನ ಬಳಸುವ ಕಂಪ್ಯೂಟರ್‌ನಲ್ಲಿ ಮಾತ್ರ ಇದನ್ನು ಮಾಡಲೇಬೇಡಿ.

ದಿನಾಂಕ ಮುಂದಿದ್ದರೂ ಲಾಗಿನ್ ಹೋಗುತ್ತಿದೆಯೇ? ಹಾಗಾದರೆ ಬ್ರೌಸರ್ ಪೂರ್ತಿ ಮುಚ್ಚಿ ತೆರೆಯಿರಿ, ಆದರೆ ಆ ಸೈಟ್‌ಗೆ ಈಗಲೇ ಹೋಗಬೇಡಿ. ನೇರವಾಗಿ ಸೆಟ್ಟಿಂಗ್ಸ್‌ಗೆ ಹೋಗಿ ಉಳಿದಿರುವ ದತ್ತಾಂಶದ ಪಟ್ಟಿ ನೋಡಿ. ಫೈರ್‌ಫಾಕ್ಸ್‌ನಲ್ಲಿ ‘ಕುಕೀಸ್ ಅಂಡ್ ಸೈಟ್ ಡೇಟಾ’ ಕೆಳಗಿನ ‘ಮ್ಯಾನೇಜ್ ಡೇಟಾ’ ಒತ್ತಿದರೆ ಪ್ರತಿ ಸೈಟ್‌ಗೆ ಎಷ್ಟು ಕುಕಿ ಇವೆ ಎಂಬುದೂ ಕಾಣುತ್ತದೆ. ಕ್ರೋಮ್‌ನಲ್ಲಿ ‘ಸೈಟ್ ಸೆಟ್ಟಿಂಗ್ಸ್’ ಒಳಗೆ ಎಲ್ಲ ಸೈಟ್‌ಗಳ ಪಟ್ಟಿ ಇದೆ. ಸೈಟ್ ಪಟ್ಟಿಯಲ್ಲೇ ಇಲ್ಲವೆಂದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಯಾವುದೋ ಒಂದು ಅದನ್ನು ಅಳಿಸುತ್ತಿದೆ. ಇದ್ದೂ ಲಾಗಿನ್ ಕೇಳಿದರೆ ಅನುಮಾನ ಸರ್ವರ್ ಕಡೆ ಹೊರಳುತ್ತದೆ. ಸೈಟನ್ನು ಮೊದಲೇ ತೆರೆದುಬಿಟ್ಟರೆ ಅದು ಹೊಸ ಕುಕಿಗಳನ್ನು ಹಾಕಿ ಈ ಪರೀಕ್ಷೆಯನ್ನೇ ಕೆಡಿಸುತ್ತದೆ.

ಅಳಿಸುತ್ತಿರುವುದು ಹೆಚ್ಚಾಗಿ ಬ್ರೌಸರೇ. ಕ್ರೋಮ್‌ನಲ್ಲಿ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’, ‘ಸೈಟ್ ಸೆಟ್ಟಿಂಗ್ಸ್’, ‘ಅಡಿಷನಲ್ ಕಂಟೆಂಟ್ ಸೆಟ್ಟಿಂಗ್ಸ್’, ಅಲ್ಲಿಂದ ‘ಆನ್-ಡಿವೈಸ್ ಸೈಟ್ ಡೇಟಾ’. ಎಲ್ಲ ವಿಂಡೋ ಮುಚ್ಚಿದಾಗ ದತ್ತಾಂಶ ಅಳಿಸುವ ಆಯ್ಕೆ ಅಲ್ಲಿದೆ, ಅದರ ಬದಲು ಉಳಿಸಲು ಬಿಡುವ ಆಯ್ಕೆ ಆರಿಸಿ. ಅದೇ ಪುಟದ ಕೆಳಗೆ ಸೈಟ್‌ವಾರು ಪಟ್ಟಿಗಳಿವೆ. ಮುಖ್ಯ ಆಯ್ಕೆ ಸರಿಯಿದ್ದರೂ ನಿಮ್ಮ ಸೈಟ್ ‘ಅಳಿಸು’ ಅಥವಾ ‘ಅನುಮತಿ ಇಲ್ಲ’ ಪಟ್ಟಿಯಲ್ಲಿದ್ದರೆ ನಡೆಯುವುದು ಆ ಪಟ್ಟಿಯ ಮಾತೇ. ಎಡ್ಜ್‌ನಲ್ಲಿ ಇದು ಬೇರೆ ಜಾಗದಲ್ಲಿದೆ: ಬ್ರೌಸಿಂಗ್ ಡೇಟಾ ಅಳಿಸುವ ವಿಭಾಗದಲ್ಲಿ, ಪ್ರತಿ ಬಾರಿ ಮುಚ್ಚಿದಾಗ ಏನೇನು ಹೋಗಬೇಕು ಎಂಬ ಪಟ್ಟಿಯಲ್ಲಿ ‘ಕುಕೀಸ್’ ಸ್ವಿಚ್ ಆಫ್ ಇರಬೇಕು.

ಫೈರ್‌ಫಾಕ್ಸ್‌ನಲ್ಲಿ ಒಂದಲ್ಲ, ಮೂರು ಕಡೆ ನೋಡಬೇಕು, ಜನ ಮೊದಲನೆಯದಕ್ಕೇ ನಿಂತುಬಿಡುತ್ತಾರೆ. ಮುಚ್ಚಿದಾಗ ಕುಕಿ ಅಳಿಸುವ ಚೌಕ ಒಂದು. ‘ಹಿಸ್ಟರಿ’ ವಿಭಾಗದಲ್ಲಿ ‘ನೆವರ್ ರಿಮೆಂಬರ್ ಹಿಸ್ಟರಿ’ ಇದ್ದರೆ ಇಡೀ ಬ್ರೌಸರ್ ಪ್ರೈವೇಟ್ ಮೋಡ್‌ನಲ್ಲೇ ನಡೆಯುತ್ತದೆ, ಆಗ ಏನೂ ಉಳಿಯುವುದಿಲ್ಲ. ಅದೇ ವಿಭಾಗದ ‘ಯೂಸ್ ಕಸ್ಟಮ್ ಸೆಟ್ಟಿಂಗ್ಸ್’ ಕೆಳಗೆ, ಮುಚ್ಚಿದಾಗ ಹಿಸ್ಟರಿ ಅಳಿಸುವ ಚೌಕದ ಒಳಪಟ್ಟಿಯಲ್ಲೂ ಕುಕಿ ಇರುತ್ತದೆ. ಮುಚ್ಚಿದಾಗ ಎಲ್ಲ ಅಳಿಯಲಿ, ಎರಡು ಮೂರು ಸೈಟ್ ಮಾತ್ರ ಉಳಿಯಲಿ ಎನ್ನುವವರಿಗೆ ‘ಮ್ಯಾನೇಜ್ ಎಕ್ಸೆಪ್ಷನ್ಸ್’ ಇದೆ. ಸೈಟ್‌ನ ವಿಳಾಸ ಹಾಕಿ ‘ಅಲೌ’ ಒತ್ತಿ, ಆಮೇಲೆ ‘ಸೇವ್ ಚೇಂಜಸ್’. ಪಕ್ಕದಲ್ಲೇ ಇರುವ ‘ಅಲೌ ಫಾರ್ ಸೆಶನ್’ ಒತ್ತಿದರೆ ಕೆಲಸ ಉಲ್ಟಾ ಆಗುತ್ತದೆ. ನನ್ನ ಮಟ್ಟಿಗೆ ಗೌಪ್ಯತೆಯನ್ನೂ ಅನುಕೂಲವನ್ನೂ ಒಟ್ಟಿಗೆ ಕಾಪಾಡುವ ಅತ್ಯುತ್ತಮ ದಾರಿ ಇದೇ. ಲಾಗಿನ್ ಪುಟ ಬೇರೆ ವಿಳಾಸದಲ್ಲಿದ್ದರೆ ಅದನ್ನೂ ಪಟ್ಟಿಗೆ ಸೇರಿಸಬೇಕು.

ಬ್ರೌಸರ್ ಸೆಟ್ಟಿಂಗ್ಸ್ ಎಲ್ಲ ಸರಿಯಿದ್ದೂ ಕುಕಿ ಮಾಯವಾಗುತ್ತಿದ್ದರೆ ಎಕ್ಸ್‌ಟೆನ್ಶನ್‌ಗಳನ್ನೆಲ್ಲ (ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳು) ಆಫ್ ಮಾಡಿ ಪರೀಕ್ಷಿಸಿ, ನಂತರ ಒಂದೊಂದಾಗಿ ಆನ್ ಮಾಡಿ. ಟ್ಯಾಬ್ ಮುಚ್ಚಿದ ಕೂಡಲೇ ಕುಕಿ ಅಳಿಸುವುದೇ ಕೆಲವುಗಳ ಕೆಲಸ. ಕಂಪ್ಯೂಟರ್ ‘ಕ್ಲೀನ್’ ಮಾಡುವ ತಂತ್ರಾಂಶಗಳೂ ಹಾಗೆಯೇ. ಅವುಗಳ ಪಟ್ಟಿಯಲ್ಲಿ ಬ್ರೌಸರ್‌ನ ಕುಕಿಗೆ ಟಿಕ್ ಇದ್ದರೆ ತೆಗೆಯಿರಿ.

ಗಡಿಯಾರವನ್ನೂ ನೋಡಿ, ಇದು ಯಾರಿಗೂ ಹೊಳೆಯುವುದಿಲ್ಲ. ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್‌ನಲ್ಲಿರುವ ಸಿಆರ್2032 ಬ್ಯಾಟರಿ ಮುಗಿದಿದ್ದರೆ, ಪ್ಲಗ್ ತೆಗೆದು ಹಾಕಿದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆ ತಪ್ಪು ದಿನಾಂಕದಲ್ಲಿ ಲಾಗಿನ್ ಆದರೆ ಕುಕಿಯ ಅವಧಿ ಅಲ್ಲಿಂದಲೇ ಎಣಿಕೆಯಾಗಬಹುದು. ಇಂಟರ್‌ನೆಟ್‌ನಿಂದ ಸಮಯ ಸರಿಯಾದ ಕ್ಷಣ ಕುಕಿ ಅವಧಿ ಮೀರಿದ್ದಾಗಿ ಬಿದ್ದುಹೋಗುತ್ತದೆ. ಬ್ಯಾಟರಿ ಬದಲಿಸಿ, ಸಮಯ ತಾನಾಗಿಯೇ ಹೊಂದಿಕೊಳ್ಳುವ ಆಯ್ಕೆ ಆನ್ ಇಡಿ.

ಫೋನಿನಲ್ಲಿ ಕಾರಣ ಬೇರೆ. ಮೆಸೇಜ್‌ನಲ್ಲಿ ಬಂದ ಕೊಂಡಿ ಒತ್ತಿದಾಗ ಅನೇಕ ಆ್ಯಪ್‌ಗಳು ತಮ್ಮೊಳಗಿನ ಬ್ರೌಸರ್‌ನಲ್ಲೇ ಪುಟ ತೆರೆಯುತ್ತವೆ. ಅದರ ಕುಕಿ ಸಂಗ್ರಹ ಪ್ರತ್ಯೇಕವಾಗಿರುವುದರಿಂದ ಕ್ರೋಮ್‌ನ ಲಾಗಿನ್ ಅದಕ್ಕೆ ಕಾಣುವುದಿಲ್ಲ. ಮೆನುವಿನಿಂದ ಪುಟವನ್ನು ಬ್ರೌಸರ್‌ಗೆ ಕಳಿಸಿ ನೋಡಿ. ಐಫೋನ್‌ನಲ್ಲಿ ಸಫಾರಿಯ ‘ಅಡ್ವಾನ್ಸ್ಡ್’ ಕೆಳಗಿನ ‘ಬ್ಲಾಕ್ ಆಲ್ ಕುಕೀಸ್’ ಆಫ್ ಇರಬೇಕು, ಟ್ಯಾಬ್ ಪ್ರೈವೇಟ್ ಆಗಿರಬಾರದು. ಸರ್ವರ್ ಕೊಡದೆ, ಪುಟದೊಳಗಿನ ಸ್ಕ್ರಿಪ್ಟ್ (ಬ್ರೌಸರ್‌ನಲ್ಲೇ ಓಡುವ ಕೋಡ್) ಬರೆದ ಕುಕಿಗಳನ್ನು ಸಫಾರಿ 2019ರಿಂದ 7 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ತೆರೆಯುವ ಸೈಟ್ ಸಫಾರಿಯಲ್ಲಿ ಮಾತ್ರ ಮರೆತರೆ ಕಾರಣ ಇದಿರಬಹುದು.

ಇನ್ನು ಥರ್ಡ್-ಪಾರ್ಟಿ ಕುಕಿ, ಅಂದರೆ ನೀವು ತೆರೆದ ಸೈಟ್‌ನದಲ್ಲದ, ಬೇರೆ ವಿಳಾಸದ ಕುಕಿ. ಸೈಟ್‌ನೊಳಗಿನ ಚೌಕಟ್ಟಿನಲ್ಲಿ ಬೇರೆ ವಿಳಾಸದ ಲಾಗಿನ್ ಕಾಣಿಸಿಕೊಳ್ಳುವಲ್ಲಿ ಮಾತ್ರ ಇದನ್ನು ಬ್ರೌಸರ್ ತಡೆಯುವುದು ಅಡ್ಡ ಬರುತ್ತದೆ. ಎಲ್ಲ ಸೈಟ್‌ಗಳಿಗೂ ಬಾಗಿಲು ತೆರೆಯುವ ಅಗತ್ಯವಿಲ್ಲ. ಕ್ರೋಮ್‌ನ ‘ಥರ್ಡ್-ಪಾರ್ಟಿ ಕುಕೀಸ್’ ಪುಟದಲ್ಲಿ ಆ ಒಂದು ಸೈಟ್‌ಗೆ ವಿನಾಯಿತಿ ಸೇರಿಸಿ. ಫೈರ್‌ಫಾಕ್ಸ್‌ನಲ್ಲಿ ವಿಳಾಸ ಬರೆಯುವ ಜಾಗದಲ್ಲಿರುವ ಗುರಾಣಿ ಚಿಹ್ನೆ ಒತ್ತಿ ಆ ಸೈಟ್‌ಗೆ ಮಾತ್ರ ರಕ್ಷಣೆ ಆಫ್ ಮಾಡಬಹುದು.

ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಸುತ್ತಿ ಸುತ್ತಿ ಲಾಗಿನ್ ಪುಟಕ್ಕೇ ಬರುತ್ತಿದ್ದರೆ ಕುಕಿ ತಡೆಯಲ್ಪಟ್ಟಿರುತ್ತದೆ, ಇಲ್ಲವೇ ಹಳೆಯ ಕುಕಿಯೊಂದು ಹಾಳಾಗಿ ಕುಳಿತಿರುತ್ತದೆ. ಅಳಿಸಬೇಕಾದ ಸಂದರ್ಭ ಇದೇ, ಅದೂ ಆ ಸೈಟ್‌ನದು ಮಾತ್ರ: ವಿಳಾಸದ ಎಡಗಡೆಯ ಚಿಹ್ನೆ ಒತ್ತಿ, ‘ಕುಕೀಸ್ ಅಂಡ್ ಸೈಟ್ ಡೇಟಾ’ ಒಳಗೆ ಹೋಗಿ ತೆಗೆಯಿರಿ.

ಕೊನೆಗೆ ಉಳಿಯುವುದು ಸರ್ವರ್. ಬ್ಯಾಂಕ್ ಸೈಟ್‌ಗಳು ಕೆಲವೇ ನಿಮಿಷ ಸುಮ್ಮನಿದ್ದರೂ ಬೇಕೆಂದೇ ಹೊರಹಾಕುತ್ತವೆ, ನಿಮ್ಮ ಹಣದ ಸುರಕ್ಷತೆಗಾಗಿ. ಅದನ್ನು ತಪ್ಪಿಸುವ ದಾರಿ ಹುಡುಕಬೇಡಿ. ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಸಾಧನಗಳ ಲಾಗಿನ್ ರದ್ದು ಮಾಡುವ ಸೈಟ್‌ಗಳೂ ಬಹಳ. ಅನೇಕ ಸೈಟ್‌ಗಳು ಸರ್ವರ್‌ನಲ್ಲಿ ಬಳಸುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೂಲ ಸೆಟ್ಟಿಂಗ್ ಪ್ರಕಾರ, ಬಳಕೆಯಿಲ್ಲದೆ 1440 ಸೆಕೆಂಡ್, ಅಂದರೆ 24 ನಿಮಿಷ ಕಳೆದ ಸೆಶನ್ ದತ್ತಾಂಶವನ್ನು (ನಿಮ್ಮ ಲಾಗಿನ್ ಬಗ್ಗೆ ಸರ್ವರ್ ತನ್ನ ಬಳಿ ಇಟ್ಟುಕೊಂಡ ಮಾಹಿತಿ) ಸರ್ವರ್ ಅಳಿಸಿಬಿಡಬಹುದು. ಆಗ ನಿಮ್ಮ ಕುಕಿ ಎಷ್ಟೇ ಭದ್ರವಾಗಿದ್ದರೂ ಪ್ರಯೋಜನವಿಲ್ಲ. ಸೈಟ್ ನಡೆಸುವವರಿಗೆ ಬರೆಯುವಾಗ ಬ್ರೌಸರ್‌ನ ಹೆಸರು, ಆವೃತ್ತಿ, ಎಷ್ಟು ಹೊತ್ತು ಸುಮ್ಮನಿದ್ದ ಮೇಲೆ ಲಾಗಿನ್ ಹೋಗುತ್ತದೆ, ಕುಕಿಯ ಹೆಸರು ಮತ್ತು ಅವಧಿ ಏನು ಎಂದು ತಿಳಿಸಿ. ಇಷ್ಟಿದ್ದರೆ ಅವರು ಹುಡುಕಬೇಕಾದ ಜಾಗ ತಕ್ಷಣ ಗೊತ್ತಾಗುತ್ತದೆ.